ಮಕ್ಕಳಿಗೆ ರಾಕ್ ಬ್ಯಾಂಡ್ ಕನಸಾ? ಮೊದಲು ಕಿವಿ ಕಾಪಾಡಿ

ಪಿಯುಸಿ ಓದುವ ಮಗನೋ ಮಗಳೋ "ನಾನು ರಾಕ್ ಮ್ಯೂಸಿಷಿಯನ್ ಆಗ್ತೀನಿ" ಅಂದರೆ, ಮಾರ್ಕ್ಸ್ ಜಗಳಕ್ಕೆ ಇಳಿಯುವ ಮುಂಚೆ ಒಂದು ಜೊತೆ ಇಯರ್‌ಪ್ಲಗ್ ಕೊಡಿಸಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತಾರೆ, 100 ಡೆಸಿಬಲ್ ಆದರೆ ಬರೀ 15 ನಿಮಿಷ. ಬ್ಯಾಂಡ್ ಪ್ರಾಕ್ಟೀಸ್ ಮಾಡುವ ಚಿಕ್ಕ ಜಾಮ್ ರೂಮಿನಲ್ಲಿ ಡ್ರಮ್ಸು, ಗಿಟಾರ್ ಸದ್ದು ಹೆಚ್ಚಿಸುವ ಎರಡು ಆಂಪ್ (ಆಂಪ್ಲಿಫೈಯರ್) ಸೇರಿದರೆ ಅಷ್ಟು ಸದ್ದು ಆಗೋದು ಏನೂ ಕಷ್ಟವಲ್ಲ. ಹತ್ತಿ ತುರುಕಿಕೊಂಡರೆ ಸಾಲದು. ಸಂಗೀತಗಾರರಿಗೆ ಅಂತಲೇ ಬರುವ ಪ್ಲಗ್ ತಗೊಳ್ಳಿ, ಅದು ಸದ್ದು ತಗ್ಗಿಸುತ್ತದೆ, ಸ್ವರ ಅಷ್ಟಾಗಿ ಮಂಕಾಗಲ್ಲ. ಪ್ರಾಕ್ಟೀಸ್ ಮುಗಿಸಿ ಬಂದಾಗಲೆಲ್ಲ ಕಿವಿ ಗುಂಯ್ ಅಂತಿದ್ದರೆ ಡಾಕ್ಟರಿಗೆ ತೋರಿಸಿ, ಯಾಕಂದ್ರೆ ಜೋರು ಸದ್ದಿಗೆ ಸದ್ದನ್ನು ಗ್ರಹಿಸುವ ಒಳಗಿವಿಯ ಕೂದಲುಕೋಶ ಸತ್ತರೆ ಮತ್ತೆ ಹುಟ್ಟಲ್ಲ.

ಓದೋ ಬ್ಯಾಂಡೋ ಒಂದನ್ನೇ ಆರಿಸ್ಕೋ ಅಂತ ಮಾತ್ರ ಒತ್ತಾಯ ಮಾಡಬೇಡಿ, ಪ್ಲೀಸ್. ಬ್ಯಾಂಡ್ ಕಟ್ಟಿ ಹಾಡುವ ನಮ್ಮ ರಘು ದೀಕ್ಷಿತ್ ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿದವರು, ಅಲ್ವಾ?

ಟ್ರಿನಿಟಿ ಕಾಲೇಜ್ ಲಂಡನ್‌ನವರ ರಾಕ್ ಅಂಡ್ ಪಾಪ್ ಗ್ರೇಡ್ ಪರೀಕ್ಷೆಗಳು ಇಲ್ಲೂ ನಡೆಯುತ್ತವೆ, ಪ್ರಾಕ್ಟೀಸಿಗೆ ಒಂದು ಗುರಿ ಸಿಗುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಹೆಡ್‌ಫೋನ್ ಹಾಕಬಹುದಾದ ಚಿಕ್ಕ ಆಂಪ್ ತಗೊಳ್ಳಿ, ರಾತ್ರಿ ಪಕ್ಕದ ಮನೆಯವರಿಗೂ ತೊಂದರೆ ಆಗಲ್ಲ. ಆದರೆ ಅದರ ವಾಲ್ಯೂಮ್ ಮೇಲೂ ಒಂದು ಕಣ್ಣಿರಲಿ.