ಎರಡು ಕಡ್ಡಿ, ಒಂದು ರಬ್ಬರ್ ಬ್ಯಾಂಡ್

‘ಚೌಕವೂ ಒಂದು ಆಯತವೇ’ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೇ ಒಪ್ಪಿಸುತ್ತಿದ್ದರು, ಆದರೆ ಒಬ್ಬರೂ ನಂಬುತ್ತಿರಲಿಲ್ಲ. ಉದ್ದಕ್ಕಿದ್ದರೆ ಆಯತ, ಇಲ್ಲದಿದ್ದರೆ ಚೌಕ. ಅವರ ಲೆಕ್ಕ ಅಷ್ಟೇ. ಬೈಯುವ ಹಾಗೂ ಇರಲಿಲ್ಲ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಕೋನಗಳೆಲ್ಲ ಲಂಬವಾಗಿದ್ದು ಬಾಹುಗಳು ಸಮವಿಲ್ಲದ ಆಕೃತಿಗೆ ಬೇರೆಯದೇ ಹೆಸರಿಟ್ಟು ಚೌಕವನ್ನು ಅದರಿಂದ ಹೊರಗಿಟ್ಟಿದ್ದ.

ವಂಶವೃಕ್ಷದಂತೆ ಚಿತ್ರ ಬರೆದು ತೋರಿಸಿದೆ. ಅದನ್ನೂ ಬಾಯಿಪಾಠ ಮಾಡಿದರು.

ಕೊನೆಗೆ ಬಾಹುಗಳನ್ನು ಬಿಟ್ಟು, ಎದುರು ಮೂಲೆಗಳನ್ನು ಸೇರಿಸುವ ಕರ್ಣಗಳನ್ನು ಹಿಡಿದೆ. 20 ಸೆಂ.ಮೀ.ನ ಎರಡು ರಟ್ಟಿನ ಪಟ್ಟಿ, 14 ಸೆಂ.ಮೀ.ನದು ಒಂದು. ಪ್ರತಿಯೊಂದಕ್ಕೂ ನಟ್ಟನಡುವೆ ಒಂದು ತೂತು, ತುದಿಯಿಂದ ಕಾಲುಭಾಗದಲ್ಲಿ ಇನ್ನೊಂದು. ತುದಿಗಳಲ್ಲಿ ಕಚ್ಚು. ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ತೂತಿಗೆ ಪಿನ್ ಹಾಕಿ, ನಾಲ್ಕು ತುದಿಗಳ ಸುತ್ತ ರಬ್ಬರ್ ಬ್ಯಾಂಡ್ ಎಳೆದರೆ ಚತುರ್ಭುಜ ಸಿದ್ಧ.

ಸಮ ಉದ್ದದ ಪಟ್ಟಿಗಳನ್ನು ನಡುವಿನ ತೂತಿನಲ್ಲಿ ಜೋಡಿಸಿದಾಗ ಆಯತ ಬಂತು. ಕತ್ತರಿಯ ಹಾಗೆ ತೆರೆಯುತ್ತಾ ಹೋದರೆ ಅಗಲವಾಗುತ್ತಾ ಬಂದು, 90 ಡಿಗ್ರಿಯಲ್ಲಿ ಚೌಕವಾಗಿ, ಅದನ್ನು ದಾಟಿದ ಮೇಲೆ ಮತ್ತೆ ಆಯತ. “ಸರ್, ಚೌಕ ಬಂದು ಹೋಯ್ತು!” ಎಂದು ಕೂಗಿದ ಹುಡುಗನಿಗೆ ನಾನು ಬೇರೇನೂ ವಿವರಿಸಬೇಕಾಗಲಿಲ್ಲ. ಒಂದು ಪಟ್ಟಿಯನ್ನು ತೆಗೆದು ಗಿಡ್ಡದ್ದನ್ನು ಹಾಕಿದರೆ ಸಮಾಂತರ ಚತುರ್ಭುಜ. ಅದು 90ಕ್ಕೆ ಬಂದಾಗ ನಾಲ್ಕೂ ಬಾಹುಗಳು ಸಮವಿರುವ ವಜ್ರಾಕೃತಿ.

ಇಲ್ಲಿ ನಾನೇ ಎಡವಿದೆ. ಉತ್ಸಾಹದಲ್ಲಿ, “ಕರ್ಣಗಳು ಲಂಬವಾಗಿ ಛೇದಿಸಿದರೆ ವಜ್ರಾಕೃತಿ” ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಒಂದು ಪಟ್ಟಿಯ ನಡುವಿನ ತೂತಿಗೆ ಇನ್ನೊಂದರ ಕಾಲುಭಾಗದ ತೂತನ್ನು ಸೇರಿಸಿ, ಲಂಬವಾಗಿ ಹಿಡಿದು ತೋರಿಸಿದಳು. ಗಾಳಿಪಟ! ಪರಸ್ಪರ ಅರ್ಧಿಸಬೇಕು ಎಂಬ ಷರತ್ತನ್ನು ನುಂಗಿಬಿಟ್ಟಿದ್ದೆ. ಆಮೇಲೆ ನಿಯಮಗಳನ್ನು ನಾನು ಹೇಳುವುದು ನಿಲ್ಲಿಸಿ, ಅವುಗಳನ್ನು ಕೆಡಿಸುವ ಕೆಲಸ ಅವರಿಗೆ ಕೊಟ್ಟೆ. ‘ಕರ್ಣಗಳು ಸಮವಿದ್ದರೆ ಆಯತ’ ಎಂಬುದು ಎರಡೇ ನಿಮಿಷದಲ್ಲಿ ಬಿತ್ತು: ಸಮ ಪಟ್ಟಿಗಳನ್ನು ಎರಡರಲ್ಲೂ ಕಾಲುಭಾಗದ ತೂತಿನಲ್ಲಿ ಜೋಡಿಸಿದರೆ ಸಿಗುವುದು ಸಮದ್ವಿಬಾಹು ತ್ರಾಪಿಜ್ಯ, ಅಂದರೆ ಒಂದು ಜೊತೆ ಬಾಹುಗಳು ಸಮಾಂತರವಾಗಿದ್ದು ಉಳಿದೆರಡು ಸಮ ಉದ್ದವಿರುವ ಆಕೃತಿ.

ಸಮಾಂತರ ಚತುರ್ಭುಜವೂ ತ್ರಾಪಿಜ್ಯವೇ ಎಂಬ ಜಗಳವನ್ನು ಮಾತ್ರ ಪಟ್ಟಿಗಳು ಬಿಡಿಸಲಾರವು. ಸಮಾಂತರ ಬಾಹುಗಳು ‘ಒಂದೇ ಜೊತೆ’ ಎಂದು ವ್ಯಾಖ್ಯಾನಿಸಿದರೆ ಅಲ್ಲ, ‘ಕನಿಷ್ಠ ಒಂದು ಜೊತೆ’ ಎಂದರೆ ಹೌದು. ನನಗೆ ಎರಡನೆಯದೇ ಇಷ್ಟ, ಚೌಕವನ್ನು ಆಯತದೊಳಗೆ ಸೇರಿಸಿಕೊಂಡವರು ಇಲ್ಲಿ ಬಾಗಿಲು ಹಾಕುವುದು ಸರಿಯೆನಿಸುವುದಿಲ್ಲ. ಆದರೆ ಪಾಠದ ಪುಸ್ತಕದಲ್ಲಿ ಯಾವುದಿದೆ ಎಂದು ಮೊದಲು ನೋಡಿಕೊಂಡೇ ತರಗತಿಗೆ ಹೋಗುತ್ತೇನೆ.

ಒಳಬಾಗಿದ ಚತುರ್ಭುಜವೂ ಈ ಆಟಕ್ಕೆ ಸಿಗದು. ಅದರ ಕರ್ಣಗಳು ಒಂದನ್ನೊಂದು ದಾಟುವುದೇ ಇಲ್ಲ, ಪಿನ್ ಎಲ್ಲಿ ಹಾಕುವುದು?