ಅಥಣಿಯ ಅಟ್ಟೆ, ಟಿಳಕವಾಡಿಯ ಟ್ಯಾಂಗೊ

ಅರ್ಜೆಂಟೀನಾದ ಜೋಡಿ ನೃತ್ಯ ಟ್ಯಾಂಗೊದ ಉತ್ಸವಕ್ಕೆ ಕಾರ್ಯಾಗಾರಗಳ ಪಾಸು ಬೇಡ, ರಾತ್ರಿಯ ಮಿಲೊಂಗಾಗಳಿಗೆ, ಎಂದರೆ ಕುಣಿಯುವ ಕೂಟಗಳಿಗೆ ಮಾತ್ರ ಹಣ ಕಟ್ಟುತ್ತೇನೆ ಎಂದಾಗ ಪುಣೆಯ ಗೆಳೆಯರು ನಕ್ಕಿದ್ದರು. ಕಾಯಂ ಜೊತೆಗಾರ್ತಿ ಇಲ್ಲ, ಹೊಸ ಪಟ್ಟು ಕಲಿಯುವ ಹಂಬಲವಿಲ್ಲ, ಕಾಲಿಗೆ ಅಥಣಿಯಲ್ಲಿ ಹೊಲಿಸಿದ ಅಟ್ಟೆ; ಇವನಿಗೆ ಎರಡು ರಾತ್ರಿಯೂ ಗೋಡೆಗೆ ಒರಗಿ ಕೂರುವುದೇ ಗತಿ ಎಂದು ಒಬ್ಬರು ಭವಿಷ್ಯವನ್ನೂ ನುಡಿದರು. ಬೆಳಗಾವಿಯ ಟಿಳಕವಾಡಿಯ ಬಾಡಿಗೆ ಸಭಾಂಗಣದಲ್ಲಿ ನಡೆದ ಆ ಉತ್ಸವದಲ್ಲಿ ನಾನು ಕುಣಿದ ತಾಂಡಾಗಳು, ಎಂದರೆ ಒಬ್ಬರೊಡನೆ ಕುಣಿಯುವ ಮೂರು ನಾಲ್ಕು ಹಾಡುಗಳ ಕಂತುಗಳು, ಇಪ್ಪತ್ತಕ್ಕೆ ಕಡಿಮೆ ಇರಲಾರವು. ಭವಿಷ್ಯ ನುಡಿದವರು ಎರಡನೆಯ ರಾತ್ರಿ ಮೊಣಕಾಲಿಗೆ ಐಸ್ ಒತ್ತಿಕೊಂಡು ಕುಳಿತಿದ್ದರು.

ಪೂರ್ತಿ ಪಾಸು ಆರು ಸಾವಿರದ ಆಸುಪಾಸು, ರಾತ್ರಿಗಳದ್ದು ಮಾತ್ರವಾದರೆ ಎರಡೂವರೆ. ಹಿಂದೊಮ್ಮೆ ಪರಊರಿನ ಉತ್ಸವಕ್ಕೆ ಹೋಗಿ ಪಾಸು, ಸ್ಲೀಪರ್ ಬಸ್ಸು, ಲಾಡ್ಜ್ ಎಲ್ಲ ಸೇರಿ ಹದಿನೈದು ಸಾವಿರ ಸುರಿದಿದ್ದೆ. ಹಗಲೆಲ್ಲ ಕಾಲು ಕೊಕ್ಕೆ ಹಾಕುವ ಗಾಂಚೊ, ಕಾಲು ಬೀಸುವ ಬೋಲಿಯೊ ಕಲಿತಿದ್ದೇ ಬಂತು, ರಾತ್ರಿ ಜೋಡಿಗಳು ಒಬ್ಬರ ಹಿಂದೊಬ್ಬರು ಸುತ್ತುವ ತುಂಬಿದ ರೋಂಡಾದಲ್ಲಿ ಅವಕ್ಕೆ ಜಾಗವೇ ಇರಲಿಲ್ಲ. ಕಾಲು ಎತ್ತಿದರೆ ಹಿಂದಿನ ಜೋಡಿಗೇ ತಗಲುತ್ತಿತ್ತು. ವೇದಿಕೆ ಏರದ ನನ್ನಂಥವನಿಗೆ ಬೇಕಾದದ್ದು ನಡಿಗೆ, ತಿರುವು, ಮತ್ತು ಮಧ್ಯರಾತ್ರಿ ದಾಟಿದ ಮೇಲೂ ನೋಯದ ಕಾಲು.

ಕಾಲೆಂದರೆ ಅಟ್ಟೆ. ಹೊರದೇಶದ ಟ್ಯಾಂಗೊ ಬೂಟಿಗೆ ಹತ್ತು ಹನ್ನೆರಡು ಸಾವಿರ ಹೇಳುತ್ತಿದ್ದರು. ನನ್ನ ಹಳೆಯ ಬೂಟಿನ ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು. ಪಾದ ತಿರುಗದಿದ್ದರೆ ತಿರುಗುವುದು ಮೊಣಕಾಲು. ಹಳೆಯ ಚೀಲದಿಂದ ಸ್ವೇಡ್ ಎಂಬ ಮೆದು ಚರ್ಮ ಕತ್ತರಿಸಿ ಅಂಟಿಸಿದೆ. ಅದು ಒಂದು ವಾಲ್ಸ್ ಹಾಡು ಮುಗಿಯುವುದರೊಳಗೆ ತುದಿಯಲ್ಲಿ ಬಾಯಿ ಬಿಟ್ಟಿತು. ಮನೆಯ ಟೈಲ್ಸ್ ಮೇಲೆ ಕೇರಂ ಪೌಡರ್ ಚೆಲ್ಲಿ ನೋಡಿದ್ದೂ ಆಯಿತು. ಪಾದದ ಮೇಲೆ ತಿರುಗುವ ಓಚೊ ಹೆಜ್ಜೆ ಬೆಣ್ಣೆಯಂತೆ ಬಂತು, ಆದರೆ ಪ್ಯಾಂಟು ಮೊಣಕಾಲಿನವರೆಗೆ ಬೆಳ್ಳಗಾಯಿತು, ಮನೆಯವಳು ಅಡುಗೆಮನೆಗೆ ಹೋಗುವಾಗ ಜಾರಿ ಬಾಗಿಲು ಹಿಡಿದುಕೊಂಡಳು. ಸಭಾಂಗಣದಲ್ಲಿ ಪೌಡರ್ ಚೆಲ್ಲುವವರನ್ನು ಅಂದಿನಿಂದ ನಾನು ಕ್ಷಮಿಸಿಲ್ಲ.

ಕೊನೆಗೆ ಬೂಟನ್ನು ಚೀಲಕ್ಕೆ ಹಾಕಿಕೊಂಡು ಅಥಣಿಯ ಬಸ್ಸು ಹತ್ತಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ ಎಂಬುದನ್ನು ಪುಣೆಯವರಿಗೆ ಆಗಾಗ ನೆನಪಿಸುತ್ತೇನೆ. ಹೆಸರು ಅವರ ಕಡೆಯದು, ಹೊಲಿಗೆ ನಮ್ಮದೂ ಹೌದು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಎಮ್ಮೆ ಚರ್ಮ ಅಲ್ಲಿ ಸಿಗುತ್ತದೆ. ರಬ್ಬರ್ ಕಿತ್ತು ಅದನ್ನು ಹಾಕಿಕೊಡಿ, ಒರಟು ಮಗ್ಗುಲು ಕೆಳಗೆ ಬರಲಿ ಎಂದೆ. ಹಿರಿಯ ಕುಶಲಕರ್ಮಿ ಬೂಟನ್ನು ಎರಡು ಸಲ ಹೊರಳಿಸಿ ನೋಡಿದರು.

“ಸಾಹೇಬರೇ, ಊರೆಲ್ಲ ಜಾರದ ಚಪ್ಪಲಿ ಕೇಳುತ್ತದೆ. ನೀವು ಜಾರುವುದನ್ನು ಕೇಳುತ್ತೀರಿ.”

“ಅರ್ಧ ಜಾರಬೇಕು ಕಾಕಾ, ಅರ್ಧ ಹಿಡಿಯಬೇಕು.”

“ಹಾಗಾದರೆ ಅರ್ಧ ದುಡ್ಡು ಕೊಡುತ್ತೀರಾ?”

ಪೂರ್ತಿಯೇ ಕೊಟ್ಟೆ, ಐನೂರೋ ಆರುನೂರೋ. ಮೊದಲು ಹಾಕಿದ ಅಟ್ಟೆ ದಪ್ಪವಾಗಿ ಪಾದ ಬಗ್ಗಲಿಲ್ಲ. ಎರಡನೆಯ ಸಲ ಮುಂಗಾಲಿನ ಕೆಳಗೆ ಮೂರು ಮಿಲಿಮೀಟರಿಗೆ ಸವರಿಸಿದೆ, ಹಿಮ್ಮಡಿಯಲ್ಲಿ ಹಾಗೆಯೇ ಬಿಡಿಸಿದೆ.

ಉದ್ಯಮಬಾಗದ ಯಂತ್ರಗಳ ನಡುವೆ ಹೊಟ್ಟೆ ಹೊರೆಯುವವನಾದ್ದರಿಂದ ಅಳತೆ ಮಾಡದೆ ಇರಲಾಗಲಿಲ್ಲ. ಬೂಟಿನೊಳಗೆ ಐದು ಕಿಲೋ ತೂಕದ ಕಲ್ಲು ಇಟ್ಟು, ಸ್ಪ್ರಿಂಗ್ ತಕ್ಕಡಿ ಕಟ್ಟಿ ಟೈಲ್ಸ್ ಮೇಲೆ ಎಳೆದೆ. ರಬ್ಬರ್ ಅಟ್ಟೆ ಕದಲಲು ತಕ್ಕಡಿ ನಾಲ್ಕರ ಹತ್ತಿರ ತೋರಿಸಿತು. ಚರ್ಮದ ನುಣುಪು ಮಗ್ಗುಲು ಒಂದೂವರೆಗೇ ಹೊರಟುಬಿಟ್ಟಿತು, ಒರಟು ಮಗ್ಗುಲು ಎರಡರ ಮೇಲೆ. ನನಗೆ ಬೇಕಾದದ್ದು ಅದೇ. ನುಣುಪಾಗುತ್ತ ಬಂದಾಗ ತಂತಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಿದರೆ ಮತ್ತೆ ಎರಡಕ್ಕೆ ಏರುತ್ತದೆ. ಉತ್ಸವಕ್ಕೆ ವಾರ ಮೊದಲು ಸಭಾಂಗಣದ ಕಾವಲುಗಾರನಿಗೆ ಚಹಾ ಕುಡಿಸಿ, ಅಲ್ಲಿನ ನೆಲದ ಮೇಲೂ ಎಳೆದು ನೋಡಿದೆ. ಹೊರಊರಿನಿಂದ ಬರುವವರಿಗೆ ಈ ಅನುಕೂಲ ಎಲ್ಲಿ ಬರಬೇಕು?

ನಡಿಗೆಯ ಅಭ್ಯಾಸ ವ್ಯಾಕ್ಸಿನ್ ಡಿಪೋದ ಆವರಣದಲ್ಲಿ, ಬೆಳಗಿನ ವಾಯುವಿಹಾರದ ಹೊತ್ತಿಗೆ, ಕಿವಿಯಲ್ಲಿ ಡಿ ಸಾರ್ಲಿ ವಾದ್ಯವೃಂದದ ಟ್ಯಾಂಗೊ. ನಾಲ್ಕು ಹೆಜ್ಜೆ ಇಟ್ಟು, ನಿಂತು, ಭಾರ ಬದಲಿಸಿ ಮತ್ತೆ ನಡೆಯುವುದನ್ನು ಕಂಡ ಹಿರಿಯರೊಬ್ಬರು ಮೂಳೆ ವೈದ್ಯರ ಹೆಸರು ಬರೆದುಕೊಟ್ಟರು. ಚೀಟಿ ಇನ್ನೂ ಇದೆ.

ರಾತ್ರಿಗಳಲ್ಲಿ ಎಲ್ಲ ತಾಂಡಾಗೂ ಏಳಲಿಲ್ಲ. ಬಿಯಾಜಿ ಪಿಯಾನೊ ನುಡಿಸಿದ ಕಾಲದ, ಎಂದರೆ 1935–38ರ ಡಾರಿಯೆಂಜೊ ವಾದ್ಯವೃಂದದ ಹಾಡು ಬಂದರೆ ಅಪರಿಚಿತರನ್ನೂ ಕಣ್ಣಲ್ಲೇ ಕರೆದೆ. ಆ ತಾಳ ಇಬ್ಬರನ್ನೂ ತಾನೇ ನಡೆಸಿಕೊಂಡು ಹೋಗುತ್ತದೆ. ಪುಗ್ಲಿಯೇಸೆಯ ಸಂಗೀತಕ್ಕೆ ಮಾತ್ರ, ಮೊದಲು ಒಮ್ಮೆಯಾದರೂ ಕುಣಿದವರು ಸಿಗದಿದ್ದರೆ ಕುಳಿತೇ ಇದ್ದೆ. ಅಲ್ಲಿನ ನಿಲುಗಡೆಗಳಲ್ಲಿ ಹೊಸಬರು ಗಾಬರಿಯಾಗುತ್ತಾರೆ. ಕಬೆಸೆಯೊಗೆ, ಎಂದರೆ ಕುಣಿಯಲು ದೂರದಿಂದಲೇ ಕಣ್ಸನ್ನೆಯಲ್ಲಿ ಕರೆಯುವುದಕ್ಕೆ, ದೂರದ ಕನ್ನಡಕವನ್ನೇ ಹಾಕಿಕೊಂಡೆ. ಚಹಾ ಮೇಜಿನ ಹತ್ತಿರ ಕೂರಬೇಡಿ, ಅಲ್ಲಿ ಎಲ್ಲರ ಕಣ್ಣೂ ಕಪ್ಪಿನ ಮೇಲಿರುತ್ತದೆ. ನಾನು ಕುಳಿತ ಮೂಲೆ ಯಾವುದೆಂದು ಹೇಳುವುದಿಲ್ಲ, ಮುಂದಿನ ಸಲವೂ ಅದು ಬೇಕು. ಅಂಗಿಗಳು ರಾತ್ರಿಗೆ ಮೂರು. ಹಸಿ ಈರುಳ್ಳಿಯನ್ನು ಎರಡು ದಿನ ಮುಟ್ಟಲಿಲ್ಲ. ರೊಟ್ಟಿ ತಿನ್ನುವ ನಾಡಿನವನಿಗೆ ಇದಕ್ಕಿಂತ ದೊಡ್ಡ ವ್ರತ ಇಲ್ಲ.

ಎರಡನೆಯ ಸಂಜೆ ಮಳೆ ಹನಿದು ನೆಲ ತೇವ ಹಿಡಿಯಿತು. ಸ್ವೇಡ್‌ನವರು ಅಂಟಿಕೊಂಡರು. ನಾನು ಬೂಟನ್ನು ಬಟ್ಟೆ ಚೀಲದಲ್ಲಿ ತಂದು ಒಳಗೇ ಹಾಕಿಕೊಂಡೆ, ಅಟ್ಟೆಗೆ ಒಂದು ವಸ್ತುವನ್ನು ತೆಳ್ಳಗೆ ಸವರಿದೆ. ಅದು ಯಾವುದು ಎಂದು ಗೋವಾದವರೊಬ್ಬರು ಕೊನೆಯ ಹಾಡು ಲಾ ಕುಂಪರ್ಸಿತಾ ಮುಗಿಯುವವರೆಗೂ ಕೇಳುತ್ತಿದ್ದರು. ಅಥಣಿಯ ಅಂಗಡಿಯ ದಾರಿ ಹೇಳಿದೆ, ಅದನ್ನು ಹೇಳಲಿಲ್ಲ. ಅವರು ಈಗ ಎರಡು ಜೊತೆ ಬೂಟು ಕಳಿಸಿದ್ದಾರಂತೆ. ಕಾಕಾ ದರವನ್ನು ಎಂಟುನೂರಕ್ಕೆ ಏರಿಸಿದ್ದಾರೆ, ನನಗೂ ಸೇರಿಸಿ.