ಮೊಳೆಗೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡುವುದು ಹೇಗೆ?

ತೋಟದ ಪಂಪ್‌ಸೆಟ್ ಸ್ಟಾರ್ಟರ್ ನೋಡಿದ್ದೀರಲ್ಲ? ಹಸಿರು ಬಟನ್ ಒತ್ತಿದ ಕೂಡಲೇ ಒಳಗೆ ‘ಟಕ್’ ಅಂತ ಸದ್ದು, ಮೋಟಾರ್ ಓಡಲು ಶುರು. ಬೆರಳು ತೆಗೆದರೂ ನಿಲ್ಲುವುದಿಲ್ಲ. ಆದರೆ ಕರೆಂಟ್ ಹೋಯಿತೋ, ಮತ್ತೆ ‘ಟಕ್’. ಆಮೇಲೆ ಕರೆಂಟ್ ಬಂದರೂ ಮೋಟಾರ್ ತಾನಾಗಿ ಓಡುವುದಿಲ್ಲ, ಯಾರಾದರೂ ತೋಟಕ್ಕೆ ಹೋಗಿ ಬಟನ್ ಒತ್ತಲೇಬೇಕು.

ಆ ಪೆಟ್ಟಿಗೆಯೊಳಗೆ ತಂತಿಯ ಒಂದು ಕಾಯಿಲ್ ಇದೆ, ಅದರ ನಡುವೆ ಕಬ್ಬಿಣ. ಕಾಯಿಲ್‌ನಲ್ಲಿ ಕರೆಂಟ್ ಹರಿಯುವಷ್ಟು ಹೊತ್ತು ಕಬ್ಬಿಣ ಅಯಸ್ಕಾಂತವಾಗಿ ಎದುರಿನ ತುಂಡನ್ನು ಎಳೆದು ಹಿಡಿದಿರುತ್ತದೆ. ಆಗ ಮೋಟಾರಿನ ಕನೆಕ್ಷನ್ ಕೂಡಿಕೊಳ್ಳುತ್ತದೆ. ಕರೆಂಟ್ ನಿಂತರೆ ಎಳೆತವೂ ಇಲ್ಲ, ಸ್ಪ್ರಿಂಗ್ ಆ ತುಂಡನ್ನು ಹಿಂದಕ್ಕೆ ತಳ್ಳುತ್ತದೆ. ಹೀಗೆ ಬೇಕೆಂದಾಗ ಬಂದು, ಬೇಡವೆಂದಾಗ ಹೋಗುವ ಅಯಸ್ಕಾಂತವೇ ವಿದ್ಯುತ್ಕಾಂತ.

ಕರೆಂಟಿಗೂ ಅಯಸ್ಕಾಂತಕ್ಕೂ ನಂಟಿದೆ ಎಂದು 1820ರಲ್ಲಿ ತೋರಿಸಿದವರು ಡೆನ್ಮಾರ್ಕ್‌ನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್. ತಂತಿಯಲ್ಲಿ ಕರೆಂಟ್ ಹರಿಸಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದಂತೆ ಬಾಗಿಸಿದ ಕಬ್ಬಿಣಕ್ಕೆ ತಾಮ್ರದ ತಂತಿ ಸುತ್ತಿ, ಸುಮಾರು 200 ಗ್ರಾಂ ತೂಕದ ಆ ತುಂಡಿನಿಂದ 4 ಕಿಲೋ ಭಾರ ಎತ್ತಿ ತೋರಿಸಿದರು. ಅವರದು ಬರಿ ತಂತಿ. ಸುತ್ತುಗಳು ಒಂದಕ್ಕೊಂದು ತಾಗದಂತೆ ದೂರ ದೂರ ಸುತ್ತಬೇಕಿತ್ತು. ನಮ್ಮ ತಂತಿಗೆ ಕರೆಂಟ್ ಬಿಡದ ಲೇಪ ಇರುವುದರಿಂದ ನಮಗೆ ಆ ಪಾಡಿಲ್ಲ.

ಸಾಮಾನು

ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ, ‘ಅಣ್ಣಾ, 28 ಗೇಜಿನ ವೈಂಡಿಂಗ್ ವೈರ್ ಒಂದು ನಾಲ್ಕು ಮೀಟರ್ ಕೊಡ್ತೀರಾ?’ ಎಂದು ಕೇಳಿ. ತೂಕದ ಮೇಲೆ ಮಾರುವ ಮಾಲು ಅದು, ಇಷ್ಟು ಚೂರಿಗೆ ಜಾಸ್ತಿ ದುಡ್ಡಾಗುವುದಿಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿದ ಕಪ್ಪು ತಂತಿ ಬೇಡ, ಅದರ ಲೇಪ ಹಾಳಾಗಿರುತ್ತದೆ. ಜೊತೆಗೆ ಮೂರು ಇಂಚಿನ ಕಬ್ಬಿಣದ ಮೊಳೆ, 1.5 ವೋಲ್ಟಿನ ಒಂದು ಸೆಲ್, ಗಮ್ ಟೇಪ್, ಮರಳು ಕಾಗದದ ಚೂರು, ಒಂದಷ್ಟು ಗುಂಡುಸೂಜಿ. ಕೆಲವು ಗುಂಡುಸೂಜಿ ಹಿತ್ತಾಳೆಯವು, ಅವು ಯಾವ ಅಯಸ್ಕಾಂತಕ್ಕೂ ಅಂಟುವುದಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಮೊದಲೇ ನೋಡಿಕೊಳ್ಳಿ.

ಸೆಲ್ ಬದಲು ಗೋಡೆಯ ಪ್ಲಗ್‌ಗೆ ಈ ತಂತಿ ಸಿಕ್ಕಿಸುವ ಯೋಚನೆಯನ್ನೂ ಮಾಡಬೇಡಿ. ಅಲ್ಲಿರುವುದು 230 ವೋಲ್ಟ್, ಜೀವ ಹೋಗುತ್ತದೆ. ಮೊಬೈಲ್ ಬ್ಯಾಟರಿಯೂ ಬೇಡ, ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು.

ಸುತ್ತುವುದು

ಒಂದು ಗೇಣು ತಂತಿಯನ್ನು ಹೊರಗೆ ಬಿಟ್ಟು, ಮೊಳೆಯ ತಲೆಯ ಕಡೆಯಿಂದ ಸುತ್ತುತ್ತಾ ಬನ್ನಿ. ಸುತ್ತು ಸುತ್ತಿಗೆ ತಾಗಿಕೊಂಡಿರಲಿ. ಮೊನೆಯ ಹತ್ತಿರ ಅರ್ಧ ಇಂಚು ಖಾಲಿ ಬಿಡಿ. ಮೊದಲ ಪದರ ಮುಗಿದು ಹಿಂದಕ್ಕೆ ಬರಬೇಕಾದರೆ ಆಗಲೂ ಮೊಳೆಯನ್ನು ಅದೇ ಕಡೆಗೆ ತಿರುಗಿಸುತ್ತಿರಬೇಕು. ಇಲ್ಲದಿದ್ದರೆ ಒಂದು ಪದರದ ಶಕ್ತಿಯನ್ನು ಇನ್ನೊಂದು ಪದರ ಹೊಡೆದುಹಾಕುತ್ತದೆ. ಸದ್ಯಕ್ಕೆ 50 ಸುತ್ತು ಸಾಕು. ಉಳಿದ ತಂತಿ ಕತ್ತರಿಸಬೇಡಿ, ಅದಕ್ಕೆ ಕೆಲಸವಿದೆ.

ತುದಿ ಉಜ್ಜುವುದು

ಈ ಪ್ರಯೋಗ ಕೆಟ್ಟರೆ ಹೆಚ್ಚಾಗಿ ಕೆಡುವುದು ಇಲ್ಲಿ. ವೈಂಡಿಂಗ್ ವೈರ್ ನೋಡಲು ಬರಿ ತಾಮ್ರದಂತೆ ಹೊಳೆಯುತ್ತದೆ, ಆದರೆ ಮೈತುಂಬ ತೆಳುವಾದ ಎನಾಮಲ್ ಲೇಪ ಇರುತ್ತದೆ. ಆ ಲೇಪ ಕರೆಂಟ್ ಬಿಡುವುದಿಲ್ಲ. ಸುತ್ತುಗಳು ತಾಗಿಕೊಂಡಿದ್ದರೂ ಕರೆಂಟ್ ಅಡ್ಡದಾರಿ ಹಿಡಿಯದೆ ಮೊಳೆಯ ಸುತ್ತ ಪ್ರತಿ ಸುತ್ತನ್ನೂ ದಾಟಿ ಬರುವುದು ಅದರಿಂದಲೇ. ಆದರೆ ಸೆಲ್‌ಗೆ ತಾಗುವ ಎರಡು ತುದಿಯಲ್ಲಿ ಅದೇ ಲೇಪ ಶತ್ರು. ಎರಡೂ ತುದಿಯನ್ನು ಒಂದೊಂದು ಇಂಚು, ಮರಳು ಕಾಗದದ ಮಡಿಕೆಯಲ್ಲಿಟ್ಟು ಎಳೆಯಿರಿ. ಒಂದೇ ಮಗ್ಗುಲು ಉಜ್ಜಿ ಬಿಡಬೇಡಿ, ತಂತಿಯನ್ನು ತಿರುಗಿಸಿ ತಿರುಗಿಸಿ ಉಜ್ಜಿ. ಕಂದು ಬಣ್ಣ ಹೋಗಿ ತಿಳಿ ಗುಲಾಬಿ ಬಣ್ಣದ ತಾಮ್ರ ಕಾಣಬೇಕು.

ಎತ್ತಿ ನೋಡುವುದು

ಒಂದು ತುದಿಯನ್ನು ಸೆಲ್‌ನ ಒಂದು ಬದಿಗೆ ಟೇಪ್ ಹಾಕಿ ಅಂಟಿಸಿ. ಇನ್ನೊಂದನ್ನು ಮತ್ತೊಂದು ಬದಿಗೆ ಬೆರಳಿನಿಂದ ಒತ್ತಿ ಹಿಡಿದು ಮೊಳೆಯ ಮೊನೆಯನ್ನು ಗುಂಡುಸೂಜಿ ರಾಶಿಗೆ ಇಳಿಸಿ, ಎತ್ತಿ. ಎಷ್ಟು ಬಂತು? ಬರೆದುಕೊಳ್ಳಿ. ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಈ ತಂತಿಗೆ ಪ್ರತಿರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಅಷ್ಟಕ್ಕಷ್ಟೇ, ಹಾಗಾಗಿ ಕರೆಂಟ್ ಜೋರಾಗಿ ಹರಿದು ತಂತಿ, ಸೆಲ್ ಎರಡೂ ಬಿಸಿಯಾಗುತ್ತವೆ. ಸೆಲ್ ಬೇಗ ಖಾಲಿಯೂ ಆಗುತ್ತದೆ.

ಈಗ ಉಳಿಸಿಕೊಂಡ ತಂತಿಯನ್ನೂ ಸುತ್ತಿ 100 ಸುತ್ತು ಮಾಡಿ ಮತ್ತೆ ಎಣಿಸಿ. ಮೊದಲೇ ಯಾಕೆ ಕತ್ತರಿಸಬೇಡಿ ಅಂದದ್ದು ಗೊತ್ತಾ? ತಂತಿಯ ಉದ್ದ ಬದಲಾದರೆ ಪ್ರತಿರೋಧವೂ ಬದಲಾಗುತ್ತದೆ, ಅದರ ಜೊತೆ ಕರೆಂಟೂ. ಆಗ ಗುಂಡುಸೂಜಿ ಹೆಚ್ಚಿದ್ದು ಸುತ್ತಿನಿಂದಲೋ ಕರೆಂಟಿನಿಂದಲೋ ಹೇಳಲಾಗದು. ಎರಡೂ ಸಲ ಅದೇ ಉದ್ದದ ತಂತಿ ಇದ್ದರೆ ಬದಲಾದದ್ದು ಸುತ್ತು ಒಂದೇ. ಸೆಲ್ ಸೊರಗಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ, ಹೊಸದನ್ನೇ ಹಾಕಿ.

ಮೊಳೆ ಬಿಡದೇ ಇದ್ದರೆ

ಸೆಲ್ ತೆಗೆದ ಮೇಲೂ ಒಂದೆರಡು ಗುಂಡುಸೂಜಿ ನೇತಾಡುತ್ತಿರಬಹುದು. ಮೊಳೆಯಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿದಿದೆ ಎಂದರ್ಥ. ಮೆದು ಕಬ್ಬಿಣ ಅದನ್ನು ಬೇಗ ಬಿಡುತ್ತದೆ, ಗಟ್ಟಿ ಉಕ್ಕು ಹಿಡಿದುಕೊಳ್ಳುತ್ತದೆ. ಕಾಂಕ್ರೀಟ್ ಮೊಳೆ ಗಟ್ಟಿ ಉಕ್ಕಿನದು, ಹಾಗಾಗಿ ಈ ಕೆಲಸಕ್ಕೆ ಬಾರದು. ಮನೆಯಲ್ಲಿ ಸೌದೆ ಒಲೆ ಇದ್ದರೆ ದೊಡ್ಡವರ ಕೈಲಿ ಒಂದು ಕೆಲಸ ಮಾಡಿಸಿ: ತಂತಿ ಸುತ್ತದ ಮೊಳೆಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲೇ ನಿಧಾನ ಆರಲು ಬಿಡಲಿ. ಮೊಳೆ ಮೆದುವಾಗುತ್ತದೆ. ಕಾಯಿಸಿದ ಮೊಳೆ, ಕಾಯಿಸದ ಮೊಳೆ ಎರಡಕ್ಕೂ ಒಂದೇ ಥರ ಸುತ್ತಿ, ಸೆಲ್ ತೆಗೆದ ಮೇಲೆ ಯಾವುದು ಹೆಚ್ಚು ಗುಂಡುಸೂಜಿ ಹಿಡಿದಿಟ್ಟುಕೊಳ್ಳುತ್ತದೆ ನೋಡಿ.

ಉತ್ತರ ಧ್ರುವ ಯಾವುದು?

ಬಲಗೈಯಲ್ಲಿ ಕಾಯಿಲನ್ನು ಹಿಡಿಯಿರಿ. ಬೆರಳುಗಳು ಕರೆಂಟ್ ಸುತ್ತಿ ಹೋಗುವ ದಿಕ್ಕಿಗೆ, ಅಂದರೆ ಸೆಲ್‌ನ ಪ್ಲಸ್‌ನಿಂದ ಹೊರಟು ಮೈನಸ್ ಕಡೆಗೆ ಹೋಗುವ ದಿಕ್ಕಿಗೆ ಮಡಿಚಿರಲಿ. ಹೆಬ್ಬೆರಳು ತೋರಿಸುವ ತುದಿಯೇ ಉತ್ತರ ಧ್ರುವ. ಆ ತುದಿಯನ್ನು ದಿಕ್ಸೂಚಿಯ ಹತ್ತಿರ ತನ್ನಿ, ಮುಳ್ಳಿನ ಉತ್ತರ ತುದಿ ದೂರ ಸರಿಯಬೇಕು. ಸೆಲ್ ತಿರುಗಿಸಿ ಹಿಡಿದರೆ ಅದೇ ತುದಿ ದಕ್ಷಿಣವಾಗುತ್ತದೆ. ದಿಕ್ಸೂಚಿ ಇಲ್ಲವಾ? ಹೊಲಿಗೆ ಸೂಜಿಯನ್ನು ಸ್ಪೀಕರಿನ ಅಯಸ್ಕಾಂತದ ಮೇಲೆ ಒಂದೇ ದಿಕ್ಕಿಗೆ ಇಪ್ಪತ್ತು ಮೂವತ್ತು ಸಲ ಎಳೆದು, ತಟ್ಟೆ ನೀರಿನಲ್ಲಿ ತೇಲುವ ಎಲೆಯ ಮೇಲೆ ಇಡಿ. ಅದು ಉತ್ತರ-ದಕ್ಷಿಣಕ್ಕೆ ತಿರುಗಿ ನಿಲ್ಲುತ್ತದೆ. ಸ್ಟೀಲ್ ತಟ್ಟೆ ಬೇಡ, ಪ್ಲಾಸ್ಟಿಕ್‌ದು ತಗೊಳ್ಳಿ.